ಹಂಡೆ ಒಲೆಯ ಬಾಣಂತಿ

ಭೀಮನಬೀಡಿನ ನಂಜಯ್ಯನಿಗೆ ಒಂದು ಹೊತ್ತಿನ ಊಟ ತಪ್ಪಿದರೂ ನಡೆಯುತ್ತದೆ, ಬೆಳಗಿನ ಬಿಸಿನೀರು ತಪ್ಪಕೂಡದು. ಅದೂ ಸಂಕ್ರಾಂತಿ ಹತ್ತಿರ ಬಂದು, ಗೋಪಾಲಸ್ವಾಮಿ ಬೆಟ್ಟದ ಕಡೆಯ ಗಾಳಿ ಕಿವಿ ಕೊರೆಯುವಾಗ. ಬೆಳಕು ಹರಿಯುತ್ತಲೇ ಹಂಡೆ ತುಂಬಿಸಿ, ಅದರ ಒಲೆಗೆ ತೆಂಗಿನ ಗರಿ ತುರುಕಿ ಬೆಂಕಿ ಹಚ್ಚುವುದು ಅವನದೇ ಕೆಲಸ. ಆ ವಿಷಯದಲ್ಲಿ ಹೆಂಡತಿ ಪುಟ್ಟಸಿದ್ದಮ್ಮನನ್ನೂ ಅವನು ನಂಬಿದವನಲ್ಲ.

ಆ ದಿನ ಗರಿ ತುರುಕಿದ್ದೇ ತಡ, ಒಲೆಯೊಳಗಿಂದ ಯಾರೋ ಗದರಿದಂತಾಯಿತು. ಬಗ್ಗಿ ನೋಡಿದ. ಚುಕ್ಕಿ ಬೆಕ್ಕು ನಿನ್ನೆಯ ಬೆಚ್ಚನೆಯ ಬೂದಿಯಲ್ಲಿ ಮಲಗಿದೆ, ಹೊಟ್ಟೆಗೆ ಅಂಟಿಕೊಂಡು ಕಣ್ಣು ಬಿಡದ ನಾಲ್ಕು ಮರಿಗಳು. ನಂಜಯ್ಯ ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ಚಳಿ ನೆನಪಾಯಿತು. "ಎತ್ತಿ ಬ್ಯಾರೆ ಕಡೆ ಮಡುಗಮ್ಮಿ."

"ಮನುಸ್ರು ಮುಟ್ಟುದ್ರೆ ತಾಯಿ ಸೇರುಸ್ಕಳಾಕಿಲ್ಲ. ಈ ಚಳೀಲಿ ಒಂದೂ ಉಳಿಯಾಕಿಲ್ಲ," ಎಂದಳು ಪುಟ್ಟಸಿದ್ದಮ್ಮ. "ಬಾಣಂತಿ ತಾನಾಗಿ ಎದ್ದೋಗೋಗಂಟ ಒಲೆ ಹಚ್ಚಂಗಿಲ್ಲ ಬುಡಿ."

ಗ್ಯಾಸಿನ ಮೇಲೆ ಕಾಯಿಸಿದ ಒಂದು ಪಾತ್ರೆ ನೀರು ಅವನ ಬೆನ್ನಿಗೇ ಸಾಲಲಿಲ್ಲ. ಹಿತ್ತಿಲಿನಲ್ಲಿ ನಿಂತು ಹಲ್ಲು ಕಟಕಟಿಸುತ್ತಾ ಬೆಕ್ಕಿನ ವಂಶವನ್ನೆಲ್ಲ ಜಾಲಾಡಿದ. ಬೈಯುತ್ತಲೇ ಒಂದು ಹಳೆಯ ಗೋಣಿಚೀಲ ತಂದು ಒಲೆಯ ಬಾಯಿಗೆ ಗಾಳಿ ತಡೆಯುವಂತೆ ಅಡ್ಡ ಇಟ್ಟವನೂ ಅವನೇ. ಎರಡನೆಯ ದಿನ ನೆಗಡಿ ಬಂತು.

ಮೂರನೆಯ ದಿನ ಹಿತ್ತಿಲ ಮೋಟುಗೋಡೆಯ ಮೇಲೆ ಹಬೆಯಾಡುವ ಒಂದು ಬಕೆಟ್ ನೀರು ಕೂತಿತ್ತು. ಗೋಡೆಯಾಚೆ ಇರುವುದು ಮೂಗಯ್ಯನ ಮನೆ.

ಇಬ್ಬರೂ ಒಂದೇ ಬೀಡಿಯನ್ನು ಅರ್ಧರ್ಧ ಸೇದಿ ಬೆಳೆದವರು. ಈಗ ಮೂರು ವರ್ಷದಿಂದ ಮಾತಿಲ್ಲ. ಮಗಳು ಬೃಂದಾಳ ಮದುವೆ ಕಾರ್ಡನ್ನು ನಂಜಯ್ಯ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ, ಎದುರಿಗೆ ಸಿಕ್ಕನೆಂದು ಮೂಗಯ್ಯನ ಕೈಗೆ ತುರುಕಿದ್ದ. ನಮ್ಮವನೇ ತಾನೇ, ಪಕ್ಕದ ಮನೆಗೆ ಕರೆಯಲು ಹೋಗುವುದೇನು ಎಂದು ಇವನ ಎಣಿಕೆ. ಹೊಸಿಲಿಗೆ ಬಂದು ಕರೆಯದವನ ಮದುವೆಗೆ ಹೋಗುವುದೇನು ಎಂದು ಅವನ ಹಟ. ಧಾರೆಯ ಹೊತ್ತಿನಲ್ಲಿ ನಂಜಯ್ಯನ ಕಣ್ಣು ಛತ್ರದ ಬಾಗಿಲಲ್ಲೇ ಇತ್ತು. ಮೂಗಯ್ಯ ಬರಲಿಲ್ಲ. ಆ ನೋವು ಸಿಟ್ಟಾಯಿತು, ಸಿಟ್ಟು ರೂಢಿಯಾಯಿತು. ತಪ್ಪು ತನ್ನದೆಂದು ನಂಜಯ್ಯನಿಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳಲು ಮಾತ್ರ ಆಗಲಿಲ್ಲ. ಈ ಜಗಳವನ್ನು ಲೆಕ್ಕಕ್ಕೇ ಇಡದೆ ಎರಡೂ ಮನೆಯ ಹಾಲು ಕುಡಿದವಳು ಚುಕ್ಕಿ ಒಬ್ಬಳೇ.

"ನೀರು ಸುಂದ್ರಮ್ಮ ಮಡುಗಿರ್ಬೇಕು," ಎಂದಳು ಪುಟ್ಟಸಿದ್ದಮ್ಮ. ಮೂಗಯ್ಯನ ಹೆಂಡತಿಯ ಹೆಸರಾದರೆ ಗಂಡ ನೀರು ಮುಟ್ಟಾನು ಎಂಬುದು ಅವಳ ಲೆಕ್ಕ. ಅವನು ಮುಟ್ಟಿದ. ಬರಿ ಬಕೆಟ್ ವಾಪಸು ಕೊಡಬಾರದೆಂದು ಅವಳು ಅದರಲ್ಲಿ ಎರಡು ಹಿಡಿ ಅವರೆಕಾಯಿ ಹಾಕಿ ಗೋಡೆಯ ಮೇಲಿಟ್ಟಳು. ದಿನವೂ ಹೀಗೇ ನಡೆಯಿತು. ಐದನೆಯ ದಿನ ಬಚ್ಚಲ ಕಿಟಕಿಯಿಂದ ನಂಜಯ್ಯ ಕಂಡದ್ದು ಮೂಗಯ್ಯನನ್ನೇ. ಕೀಲು ನೋವಿನ ಭುಜದಲ್ಲಿ, ಉಸಿರು ಕಟ್ಟಿ, ಅವನು ಬಕೆಟ್ ಎತ್ತಿ ಇಡುತ್ತಿದ್ದ. ಅಂದು ಸ್ನಾನ ಮಾಡುವಾಗ ನಂಜಯ್ಯನಿಗೆ ನಾಚಿಕೆಯಾಯಿತು, ಅಳುವೂ ಬಂತು.

ಹನ್ನೆರಡನೆಯ ದಿನ ಗೋಡೆಯ ಮೇಲೆ ಬಕೆಟ್ ಇರಲಿಲ್ಲ. ಮೂಗನಿಗೆ ಸಾಕಾಯಿತು, ಇಷ್ಟು ದಿನದಲ್ಲಿ ನಾನೊಂದು ಮಾತಾದರೂ ಆಡಬೇಕಿತ್ತು ಎಂದುಕೊಂಡ ನಂಜಯ್ಯ. ಅಷ್ಟರಲ್ಲಿ ಆಚೆಯಿಂದ ಸುಂದ್ರಮ್ಮನ ದನಿ ಕೇಳಿಸಿತು.

"ಅಯ್ಯೋ, ನಾಕು ಮರೀನೂ ನಮ್ಮೊಲೆಗೆ ತಂದ್ಬುಟ್ಟವ್ಳಲ್ಲಾ!"

"ಇನ್ನು ನಾನೆಲ್ಲಿ ಮೈ ತೊಳಕಳಾದಮ್ಮಿ?" ಎಂದು ಮೂಗಯ್ಯ ರೇಗಿದ.

ನಂಜಯ್ಯ ತನ್ನ ಒಲೆ ನೋಡಿದ. ಗೋಣಿಚೀಲ ಸರಿದಿತ್ತು, ಒಳಗೆ ಯಾರೂ ಇರಲಿಲ್ಲ. ಇಲ್ಲಿಯ ಬೂದಿ ತಣ್ಣಗಾಗಿತ್ತು. ಅಲ್ಲಿ ಎರಡು ಮನೆಯ ನೀರು ಕಾಯಿಸಿ ಕಾಯಿಸಿ ಬೂದಿ ಬೆಚ್ಚಗಿತ್ತು.

ಅವನು ಹಂಡೆ ತುಂಬಾ ನೀರು ಕಾಯಿಸಿದ. ಪುಟ್ಟಸಿದ್ದಮ್ಮ ಬಕೆಟ್ ತುಂಬಿ ಗೋಡೆಯ ಕಡೆ ಹೊರಟಳು.

"ಮಡುಗು ಕೆಳಕ್ಕೆ," ಎಂದ ನಂಜಯ್ಯ. ಒಗೆದ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿ, ಬೀದಿಯ ಕಡೆಯಿಂದ ಹೋಗಿ ಪಕ್ಕದ ಮನೆಯ ಹೊಸಿಲ ಮುಂದೆ ನಿಂತ. ಹತ್ತೇ ಹೆಜ್ಜೆಯ ದಾರಿ. ಜಗಲಿಯ ಮೇಲೆ ಮೂಗಯ್ಯ ಕಂಬಳಿ ಹೊದ್ದು ಕೂತಿದ್ದ.

"ನೀರು ಕಾದದೆ ಕಣ್ಲಾ ಮೂಗ. ಬಾ," ಎಂದ ನಂಜಯ್ಯ. "ಮನೆಗಂಟ ಬಂದು ಕರೀತಾ ಇವ್ನಿ. ಅವತ್ತೇ ಬರ್ಬೇಕಿತ್ತು. ನಂದೇ ತಪ್ಪು."

ಮೂಗಯ್ಯ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ಕಾರ್ಡು ಎಲ್ಲಿ?"

ನಂಜಯ್ಯನಿಗೆ ನಗು ಬಂತು, ಕಣ್ಣೂ ತುಂಬಿ ಬಂತು. "ನೀರು ಆರೋಯ್ತದೆ, ಏಳ್ಲಾ."

ಮೂಗಯ್ಯ ಕಂಬಳಿ ಸರಿಸಿ ಎದ್ದ. "ಸುಂದ್ರಿ, ಟವೆಲ್ ಕೊಡಮ್ಮಿ," ಎಂದು ಒಳಗೆ ಕೂಗಿದ. "ಮನೆ ಬಾಗ್ಲಿಗೆ ಬಂದು ಕರ್ದವ್ನೆ. ಓಗ್ದೆ ಇದ್ರೆ ಚೆಂದಾಗಿರಾಕಿಲ್ಲ."