ಮುಚ್ಚಳದ ಮೇಲಿನ ವಿಭೂತಿ

ನಾನು ಒಂದು ಮೋಟಾರ್ ಸೈಕಲ್. ಓಟದಲ್ಲಿ ನನ್ನನ್ನು ಯಾರು ಬೇಕಾದರೂ ಹಿಂದೆ ಹಾಕಬಹುದು, ಅದರ ನಾಚಿಕೆ ನನಗಿಲ್ಲ. ನನ್ನನ್ನು ಮಾಡಿದ್ದೇ ನಿಧಾನವಾಗಿ ಹೋಗುವುದಕ್ಕೆ. ಬಂಡೆ ಬರಲಿ, ಕೊರಕಲು ಬರಲಿ, ಸವಾರ ನೆಲಕ್ಕೆ ಕಾಲೂರದೆ ದಾಟಬೇಕು. ನಮ್ಮ ಆಟದಲ್ಲಿ ಅದೇ ಗೆಲುವು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಹಡಗಿನಲ್ಲಿ ತಂದವನು ಕೋಲಾರದ ಚಿನ್ನದ ಗಣಿಯ ಒಬ್ಬ ಬಿಳಿ ಎಂಜಿನಿಯರ್. ಊರಿಗೆ ಮರಳುವಾಗ ಅವನು ಹೆಂಡತಿಯ ಪಿಯಾನೋ ಕಟ್ಟಿಸಿಕೊಂಡ, ನನ್ನನ್ನು ಬಿಟ್ಟ. ಆಮೇಲೆ ಒಬ್ಬ ಹಾಲಿನ ವ್ಯಾಪಾರಿ ನನ್ನ ಮೇಲೆ ಕ್ಯಾನು ಹೇರಿದ. ಕೈಯಿಂದ ಕೈಗೆ ದಾಟುತ್ತ ಚಿತ್ರದುರ್ಗಕ್ಕೆ ಬಂದು ಬೀಳುವ ಹೊತ್ತಿಗೆ ಮೈಮೇಲೆ ಬಣ್ಣಕ್ಕಿಂತ ತುಕ್ಕೇ ಹೆಚ್ಚಾಗಿತ್ತು.

ಅಲ್ಲಿ ನನ್ನನ್ನು ಕೊಂಡವನು ಲೇತ್ ಕೆಲಸದ ತಿಪ್ಪೇರುದ್ರಪ್ಪ. ದುರ್ಗದಲ್ಲಿ ಬಂಡೆಗಳಿಗೇನು ಬರ! ಭಾನುವಾರ ಬಂದರೆ ನಾವಿಬ್ಬರೂ ಊರಾಚೆಯ ಗುಡ್ಡದಲ್ಲಿರುತ್ತಿದ್ದೆವು. ಅವನ ಹೆಂಡತಿ ಹಾಲಮ್ಮ ಒಮ್ಮೆ ಬಂದು ನೋಡಿದಳು. ಗಂಡ ನೆಟ್ಟಗಿನ ಕಲ್ಲನ್ನು ಹತ್ತುವುದನ್ನು ಕಂಡು ಸೆರಗಿನಿಂದ ಕಣ್ಣು ಮುಚ್ಚಿಕೊಂಡವಳು ಮತ್ತೆಂದೂ ಬರಲಿಲ್ಲ. ಆದರೆ ಬೇಡವೆಂದೂ ಹೇಳಲಿಲ್ಲ. ಆಯುಧಪೂಜೆ ಬಂತೆಂದರೆ ವಿಭೂತಿಯನ್ನು ನೀರಲ್ಲಿ ತೇಯ್ದು, ಪೆಟ್ರೋಲ್ ಟ್ಯಾಂಕಿನ ಮೇಲೆ, ಮುಚ್ಚಳವೂ ಸೇರಿದಂತೆ, ಮೂರು ದಪ್ಪ ಪಟ್ಟೆ ಎಳೆಯುತ್ತಿದ್ದಳು. ಮನಸ್ಸಿನ ಭಯವನ್ನೆಲ್ಲ ನನಗೆ ಬಳಿದು ಹಗುರಾಗುತ್ತಿದ್ದಳು. ತಿಪ್ಪೇರುದ್ರಪ್ಪ ನನ್ನ ಮೈಯೆಲ್ಲ ತೊಳೆದರೂ ಆ ಪಟ್ಟೆಗಳನ್ನು ಮುಟ್ಟುತ್ತಿರಲಿಲ್ಲ. ದೇವರದ್ದು, ಒರೆಸಬಾರದು.

ಮುಚ್ಚಳದ ನಡುವೆ ಒಂದು ಸಣ್ಣ ತೂತಿದೆ. ಕೆಳಗೆ ಪೆಟ್ರೋಲ್ ಇಳಿಯಬೇಕಾದರೆ ಮೇಲಿನಿಂದ ಗಾಳಿ ಬರಬೇಕು. ಅದೇ ನನ್ನ ಮೂಗು. ವರ್ಷವರ್ಷದ ವಿಭೂತಿ ಗಾರೆಯಂತೆ ಒಣಗಿ, ಒಂದು ದಸರೆಗೆ ಮೂಗು ಪೂರ್ತಿ ಕಟ್ಟಿಹೋಯಿತು.

ಅಲ್ಲಿಂದ ಶುರುವಾಯಿತು ಗೋಳು. ಹೊರಡುವ ಮುಂಚೆ ಅವನು ಮುಚ್ಚಳ ತೆಗೆದು ಪೆಟ್ರೋಲ್ ನೋಡುತ್ತಾನೆ. ಗಾಳಿ ಒಳಗೆ ಬರುತ್ತದೆ, ನಾನು ಸಲೀಸಾಗಿ ಹೊರಡುತ್ತೇನೆ. ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿ ಸೊರಗುತ್ತೇನೆ. ಅವನು ಪ್ಲಗ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಸೈಲೆನ್ಸರಿನ ಮಸಿ ಕೆರೆದ. ಪ್ರತಿ ಸಲ ಅಂಗಳದಲ್ಲಿ ಸರಿಯಾಗಿರುತ್ತಿದ್ದೆ, ಬಂಡೆಯ ಮೇಲೆ ಅವನ ಮಾನ ಕಳೆಯುತ್ತಿದ್ದೆ. ರೋಗ ನನಗೆ ಗೊತ್ತು, ಹೇಳಲು ಬಾಯಿಲ್ಲ. ಎಂಥ ಸಂಕಟ ಅದು!

ಒಂದು ಶನಿವಾರ ಸಂಜೆ ಅವನು ಸ್ಪಾನರ್ ಕೆಳಗಿಟ್ಟ.

"ಗಾಡೀದೇನೂ ಇಲ್ಲ ಕಣೇ. ನನ್ನ ಕೈಯೇ ಸೋತೈತೆ."

"ಯಾಕಂಗಂತೀರಿ? ದಿನಾ ಲೇತ್ ಮುಂದೆ ಸೋಲದ ಕೈ ಬಂಡೆ ಮ್ಯಾಲೆ ಸೋಲ್ತೈತಾ?"

"ನಾಳೆ ಒಂದ್ಸಲ ನೋಡ್ತೀನಿ. ಮತ್ತೆ ಕಾಲೂರಿದ್ರೆ ಸವಾರಿ ಮುಗೀತು. ಗುಜರಿ ಬಾಬಾಜಾನ್‌ಗೆ ಹಾಕ್ತೀನಿ. ಇದನ್ನ ಬ್ಯಾರೆಯೋರ ಕೈಯಾಗೆ ನೋಡಾಕೆ ನನ್ನಿಂದಾಗಲ್ಲ."

ಹಾಲಮ್ಮ ಬೆಳಗ್ಗೆ ಎದ್ದು ಸ್ನಾನ ಮಾಡಿ ಬಂದು ನನ್ನ ಮುಚ್ಚಳಕ್ಕೆ ಇನ್ನಷ್ಟು ವಿಭೂತಿ ಬಳಿದು ಕೈಮುಗಿದಳು. ಅಮ್ಮಾ, ಬೇಡ ಎಂದು ಕೂಗಬೇಕೆನ್ನಿಸಿತು.

ಆ ದಿನದ ಬಂಡೆಗೆ ಎಡಗಡೆ ಆಳವಾದ ಕಮರಿ. ಅರ್ಧ ಹತ್ತಿದೆವು. ಎದೆಯೊಳಗಿನ ಬೆಂಕಿ ಸಣ್ಣಗಾಗತೊಡಗಿತು. ಅವನು ಆಕ್ಸಿಲರೇಟರ್ ತಿರುಗಿಸಿದ. ನನಗೆ ಒಂದು ತೊಟ್ಟೂ ಇಳಿಯಲಿಲ್ಲ. ಮುಂದಿನ ಚಕ್ರ ಕಲ್ಲಿನ ಅಂಚನ್ನು ತಡಕಾಡಿತು. ಅವನ ಮಂಡಿಗಳು ನನ್ನನ್ನು ಬಿಗಿಯಾಗಿ ಅಪ್ಪಿದವು. ಎಂಜಿನ್ ನಿಂತಿತು. ಕಮರಿಗೆ ಬೀಳುವ ಬದಲು ಅವನು ನನ್ನನ್ನು ಬಲಕ್ಕೆ ಕೆಡವಿದ. ಕಾಲೂರುವುದಿರಲಿ, ಮೈಯನ್ನೇ ಊರಿದ್ದ.

ಅವನ ಕಾಲು ನನ್ನ ಅಡಿ ಸಿಕ್ಕಿಕೊಂಡಿತ್ತು. ಪಕ್ಕದಲ್ಲೇ ಕಾದ ಸೈಲೆನ್ಸರ್. ಮಲಗಿದ ಗಾಡಿಯ ಮುಚ್ಚಳದ ತೂತಿನಿಂದ ಪೆಟ್ರೋಲ್ ಸೋರುತ್ತದೆ, ಸೋರಿದರೆ ಬೆಂಕಿ. ಅವನು ಕಾಲೆಳೆಯುತ್ತ ಮುಚ್ಚಳವನ್ನೇ ದಿಟ್ಟಿಸಿದ. ಕಾಲು ಬಿಡಿಸಿಕೊಂಡ. ಆದರೂ ದಿಟ್ಟಿಸುತ್ತಲೇ ಇದ್ದ. ಒಂದು ಹನಿಯೂ ಬೀಳಲಿಲ್ಲ.

"ಯಾಕೆ ಸೋರ್ತಿಲ್ಲ?" ಅಂದ ತನಗೇ.

ನನ್ನನ್ನು ಎತ್ತಿ ನಿಲ್ಲಿಸಿ ಮುಚ್ಚಳ ಸಡಿಲಿಸಿದ. ಉಸ್ಸೆಂದು ಗಾಳಿ ಒಳನುಗ್ಗಿತು. ಆಹಾ, ಆ ಉಸಿರು! ಅವನು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ, ಬಿಳಿಯ ಗಟ್ಟಿಯನ್ನು ಉಗುರಿನಿಂದ ಕೆರೆದ. ಜಾಲಿ ಮುಳ್ಳು ಮುರಿದು ತಂದು ತೂತು ಬಿಡಿಸಿದ. ಕೆಳಗಿಳಿದು ಮತ್ತೆ ಅದೇ ಬಂಡೆ ಹತ್ತಿದೆವು. ತುದಿ ಮುಟ್ಟುವವರೆಗೂ ಕಾಲೂರಲಿಲ್ಲ. ಅಲ್ಲಿ ನನ್ನ ಟ್ಯಾಂಕಿನ ಮೇಲೆ ಹಣೆಯಿಟ್ಟು ಅವನು ಅತ್ತೇಬಿಟ್ಟ.

"ಏನಾಗಿತ್ತು?" ಎಂದಳು ಮನೆಯಲ್ಲಿ ಹಾಲಮ್ಮ, ಅವನ ತರಚಿದ ಕಾಲನ್ನೇ ನೋಡುತ್ತ.

"ಧೂಳು ಕುಂತಿತ್ತು" ಎಂದ.

ಮುಂದಿನ ಆಯುಧಪೂಜೆಗೆ ಅವಳು ಬಟ್ಟಲು ಹಿಡಿದು ಬಂದಾಗ ಅವನು ಮುಚ್ಚಳದ ನಡುವೆ ಹೆಬ್ಬೆರಳಿಟ್ಟು ಕೂತಿದ್ದ.

"ಇದೇನ್ರೀ?"

"ಗಾಡಿ ಅಲ್ಲಾಡ್ತೈತೆ, ಹಿಡ್ಕಂಡೀನಿ. ನೀನು ಹಚ್ಚು."

ಸ್ಟ್ಯಾಂಡಿನ ಮೇಲೆ ಕಲ್ಲಿನಂತೆ ನಿಂತಿದ್ದೆ ನಾನು! ಅವಳು ಅವನ ಬೆರಳನ್ನು ತಪ್ಪಿಸಿ ಪಟ್ಟೆ ಎಳೆದಳು. ಪ್ರತಿ ವರ್ಷ ಹಾಗೇ ನಡೆಯಿತು.

ಈಗ ನಾನು ಮೆಟ್ಟಿಲ ಕೆಳಗಿನ ಮೂಲೆಯಲ್ಲಿದ್ದೇನೆ. ಪಿಸ್ಟನ್ ಕಚ್ಚಿಕೊಂಡಿದೆ, ಟ್ಯಾಂಕ್ ಒಣಗಿದೆ. ಅವನ ಮಂಡಿಗಳೂ ಮಡಚುವುದಿಲ್ಲ. ಈ ದಸರೆಗೆ ಹಾಲಮ್ಮ ಬಟ್ಟಲು ತಂದಾಗ ಅವನು ಕುರ್ಚಿಯಿಂದಲೇ ಕೂಗಿದ.

"ತಡಿ, ಬಂದೆ. ಹಿಡ್ಕಂತೀನಿ."

"ಕುಂತ್ಕಳ್ರೀ" ಎಂದಳು ಅವಳು. "ಎಲ್ಲಿ ಬಿಡಬೇಕು ಅಂತ ನಂಗೆ ಗೊತ್ತೈತೆ."

ಅವಳಿಗೆ ಯಾವಾಗ ಗೊತ್ತಾಯಿತೋ ನಾನರಿಯೆ. ತಿರುಗದ ಎಂಜಿನ್‌ಗೆ ಉಸಿರಿನಿಂದ ಆಗಬೇಕಾದ್ದೂ ಏನಿಲ್ಲ. ಆದರೂ ಮೂರು ಪಟ್ಟೆಗಳ ನಡುವೆ, ಅವನ ಹೆಬ್ಬೆರಳಷ್ಟೇ ಅಗಲದ ಜಾಗವನ್ನು ಅವಳು ಹಾಗೇ ಬಿಟ್ಟಿದ್ದಾಳೆ.