ಇಬ್ಬರು ಪ್ರೂಯಿಟ್‌ಗಳ ನಡುವೆ

ಗ್ರೀರ್ಸ್‌ಬರ್ಗಿನ ನ್ಯಾಯಾಲಯದ ಮೊಗಸಾಲೆಯಲ್ಲಿ, ನಾಲ್ಕನೇ ಕ್ಷೇತ್ರದಿಂದ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ಆರಿಸಿಹೋದವರ ಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಮೊದಮೊದಲಿನವರು ಗಡ್ಡದವರು, ಆಮೇಲಿನವರು ಮೀಸೆಯವರು, ಇತ್ತೀಚಿನವರು ನುಣ್ಣಗೆ ಬೋಳಿಸಿಕೊಂಡವರು. ಅಷ್ಟೂ ಜನರಲ್ಲಿ ಹೆಂಗಸು ಒಬ್ಬಳೇ. ಅವಳ ಎಡಕ್ಕೆ ಗಂಡ ಹೋಬರ್ಟ್ ಪ್ರೂಯಿಟ್, ಎರಡು ವರ್ಷಕ್ಕೊಮ್ಮೆ ಬರುವ ಚುನಾವಣೆಯಲ್ಲಿ ಹನ್ನೊಂದು ಸಲ ಗೆದ್ದವನು. ಬಲಕ್ಕೆ ಮಗ ಲೋವೆಲ್ ಪ್ರೂಯಿಟ್, ಹನ್ನೆರಡು ಸಲ ಗೆದ್ದವನು. ನಡುವೆ ಝೆಲ್ಮಾ. ಕ್ಷೇತ್ರದ ಇತಿಹಾಸ ಬರೆದವರೆಲ್ಲ ಅವಳಿಗೆ ಒಂದೇ ಸಾಲು ಕೊಟ್ಟಿದ್ದಾರೆ: ಗಂಡ ತೀರಿಕೊಂಡ ಮೇಲೆ ಉಪಚುನಾವಣೆಯಲ್ಲಿ ಆಯ್ಕೆ, ಇಪ್ಪತ್ತೊಂದು ತಿಂಗಳ ಸೇವೆ, ಮರುಆಯ್ಕೆಗೆ ನಿಂತು ಸೋಲು. ಯಾರ ಎದುರು ಸೋತಳು ಎಂದು ಬರೆಯಲು ಯಾರಿಗೂ ಕೈ ಬಂದಿಲ್ಲ.

ಹೋಬರ್ಟ್ ಸತ್ತದ್ದು 1955ರ ಫೆಬ್ರವರಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಕೂತು ಯಾರದೋ ಮಾತಿಗೆ ನಗುತ್ತಿದ್ದಾಗ. ಮಣ್ಣು ಮಾಡಿ ಬಂದ ಮಧ್ಯಾಹ್ನ ಮನೆ ತುಂಬ ಜನ. ಬಂದವರೆಲ್ಲ ತಂದಿಟ್ಟ ಹಂದಿಮಾಂಸ, ಹುರುಳಿಕಾಯಿ, ಸೇಬಿನ ಕೇಕು ಮೇಜಿನ ಮೇಲೆ ಹಿಡಿಸದೆ ಕಿಟಕಿಯ ಕಟ್ಟೆಗೂ ಏರಿದ್ದವು. ಪಕ್ಷದ ಹಿರಿತಲೆ ಜಡ್ಜ್ ಬ್ರಾಟನ್ ಝೆಲ್ಮಾಳನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದ. ಏಪ್ರಿಲ್ಲಿನಲ್ಲಿ ಉಪಚುನಾವಣೆ ಬರುತ್ತದೆ, ಲೋವೆಲ್ ಇನ್ನೂ ಎಳಸು, ವಕೀಲಿಕೆ ಶುರುಮಾಡಿ ನಾಲ್ಕು ವರ್ಷವೂ ಆಗಿಲ್ಲ, ಬೇರೆ ಯಾರನ್ನಾದರೂ ನಿಲ್ಲಿಸಿದರೆ ಅವರು ಮತ್ತೆ ಕುರ್ಚಿ ಬಿಟ್ಟುಕೊಡುವವರಲ್ಲ ಎಂದ.

"ನೀನು ಹೋಗಿ ಕೂತ್ಕೊ, ಅಷ್ಟೆ," ಎಂದ ಜಡ್ಜ್. "ಮುಂದಿನ ಸಲಕ್ಕೆ ಲೋವೆಲ್ ತಯಾರಾಗ್ತಾನೆ. ಅಲ್ಲೀತನಕ ಆ ಕುರ್ಚಿ ಪ್ರೂಯಿಟ್ ಮನೇಲೇ ಇರ್ಲಿ."

ಝೆಲ್ಮಾ ಮಗನನ್ನು ಒಳಗೆ ಕರೆದು ಅವನ ಮುಂದೆಯೇ ಒಪ್ಪಿಕೊಂಡಳು. ಅವನು ಅವಳ ಕೈ ಹಿಡಿದು, ನಿನಗೆ ತೊಂದರೆ ಕೊಡ್ತಿದೀವಿ ಅಮ್ಮ ಎಂದ. ಅವಳಿಗೆ ಆಗ ಐವತ್ತಮೂರು ವಯಸ್ಸು. ಇಪ್ಪತ್ತು ವರ್ಷ ಗಂಡನ ಪಕ್ಕ ವೇದಿಕೆಯ ಮೇಲೆ ಕೂತು, ಒಂದು ದಿನವೂ ಬಾಯಿ ಬಿಡದೆ ಎದ್ದುಬಂದವಳು.

ಅವಳು ಸುಲಭವಾಗಿ ಗೆದ್ದಳು. ವಾಷಿಂಗ್ಟನ್ನಿನಲ್ಲಿ ಗಂಡನ ಕೋಣೆಯನ್ನೇ ಕೊಟ್ಟರು. ಮೊದಲ ತಿಂಗಳು ಮತ ಹಾಕು ಎಂದಾಗ ಹಾಕಿದಳು, ಸುಮ್ಮನಿರು ಎಂದಾಗ ಸುಮ್ಮನಿದ್ದಳು. ಆದರೆ ಕಾಗದಗಳನ್ನು ಮಾತ್ರ ಗುಮಾಸ್ತೆಗೆ ಬಿಡದೆ ತಾನೇ ಒಡೆದು ಓದುತ್ತಿದ್ದಳು. ಗಣಿಯಲ್ಲಿ ಕಾಲು ಕಳೆದುಕೊಂಡವರು, ಕೊರಿಯಾ ಯುದ್ಧದಿಂದ ಬಾರದ ಮಗನ ಟ್ರಂಕು ಎಲ್ಲಿ ಎಂದು ಕೇಳುವವರು. ಒಬ್ಬೊಬ್ಬರಿಗೂ ಕೈಬರಹದಲ್ಲೇ ಉತ್ತರ ಬರೆಯುವಳು. ತನಗೆ ಈ ಕೆಲಸ ಬರುತ್ತದೆ ಎಂಬುದು ಅವಳಿಗೆ ನಿಧಾನವಾಗಿ ಗೊತ್ತಾಯಿತು. ಗೊತ್ತಾದಾಗ ಸ್ವಲ್ಪ ಭಯವೂ ಆಯಿತು.

ಆ ಬೇಸಿಗೆಯಲ್ಲಿ ಟಾಲಿವರ್ ಎಂಬ ಊರಿನಿಂದ ಕಾಗದ ಬಂತು. ಬರೆದವಳು ವರ್ಡೀ ಸ್ಟಂಬೊ, ಝೆಲ್ಮಾಳ ಹಳೆಯ ವಿದ್ಯಾರ್ಥಿನಿ. ಮದುವೆಯಾದ ಹೊಸದರಲ್ಲಿ, ಹೋಬರ್ಟ್ ಕಾನೂನು ಓದುತ್ತಿದ್ದಾಗ, ಝೆಲ್ಮಾ ಟಾಲಿವರ್‌ನ ಒಂದೇ ಕೋಣೆಯ ಶಾಲೆಯಲ್ಲಿ ಆರು ವರ್ಷ ಪಾಠ ಹೇಳಿದ್ದಳು. ಸೊರೆಲ್ ನದಿಗೆ ಅಣೆಕಟ್ಟು ಕಟ್ಟಿಸುತ್ತೇನೆ ಎಂಬುದು 1938ರಿಂದ ಈಚೆಗೆ ಹೋಬರ್ಟ್ ಪ್ರತಿ ಚುನಾವಣೆಯಲ್ಲೂ ಕೊಟ್ಟ ಮಾತು. ಅದಕ್ಕೆ ಕಾರಣವೂ ಇತ್ತು. ಮೂವತ್ತೇಳರ ನೆರೆಯಲ್ಲಿ ಗ್ರೀರ್ಸ್‌ಬರ್ಗಿನ ಕೆಳಬೀದಿಯ ಒಂಬತ್ತು ಜನ ಕೊಚ್ಚಿಹೋಗಿದ್ದರು. ಈಗ ಆ ಅಣೆಕಟ್ಟಿಗೆ ಮಂಜೂರಾತಿ ಸಿಗುವ ಹೊತ್ತು ಬಂದಿತ್ತು. ವರ್ಡೀ ಬರೆದದ್ದು ಇಷ್ಟೆ: ನೀರು ಎಲ್ಲೀತನಕ ಬರುತ್ತೆ ಅಂತ ನಮಗೆ ಯಾರೂ ಹೇಳಿಲ್ಲ ಟೀಚರಮ್ಮ, ನೀವಾದರೂ ಹೇಳಿ.

ಝೆಲ್ಮಾ ಗಂಡನ ಮೇಜಿನ ಕೆಳಗಿನ ಖಾನೆಯಿಂದ ನಕ್ಷೆ ತೆಗೆದು ಬಿಡಿಸಿದಳು. ನೀರು ನಿಲ್ಲುವ ಮಟ್ಟಕ್ಕೆ ನೀಲಿ ಗೆರೆ ಎಳೆದಿತ್ತು. ಗೆರೆಯೊಳಗೆ ಟಾಲಿವರ್‌ನ ನೂರಾ ಹತ್ತು ಮನೆಗಳು, ಶಾಲೆ, ಇಗರ್ಜಿ, ಇಗರ್ಜಿಯ ಹಿಂದಿನ ಸ್ಮಶಾನ ಎಲ್ಲವೂ ಇದ್ದವು. ಸ್ಮಶಾನದ ಚೌಕದೊಳಗೆ ಹೋಬರ್ಟ್ ತನ್ನ ಕೈಯಿಂದಲೇ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು, ಪಕ್ಕಕ್ಕೆ ಎರಡು ಸಣ್ಣ ಅಕ್ಷರ ಬರೆದಿದ್ದ: ಇ. ಡಿ.

ಇವಾ ಡೀನ್ ಅವರ ಮೊದಲ ಮಗು. 1927ರಲ್ಲಿ, ನಾಲ್ಕು ವರ್ಷದವಳಿದ್ದಾಗ, ಗಂಟಲಮಾರಿ ಬಂದು ಮೂರೇ ದಿನಕ್ಕೆ ಹೋದಳು. ಲೋವೆಲ್‌ಗೆ ಆಗ ಎರಡು ವರ್ಷ. ಪ್ರತಿ ಮೇ ತಿಂಗಳ ಕೊನೆಯ ಭಾನುವಾರ, ಊರವರೆಲ್ಲ ತಮ್ಮವರ ಗೋರಿಗಳ ಕಳೆ ಕಿತ್ತು ಹೂವಿಡುವ ದಿನ, ಝೆಲ್ಮಾ ಮೇಣದಲ್ಲಿ ಅದ್ದಿದ ಕಾಗದದ ಹೂಗಳನ್ನು ತೆಗೆದುಕೊಂಡು ಟಾಲಿವರ್‌ಗೆ ಹೋಗುತ್ತಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ. ಆ ಹೂಗಳನ್ನು ಕಾರಿಗೆ ಇಟ್ಟುಕೊಡುತ್ತಿದ್ದವನು ಹೋಬರ್ಟನೇ. ಚುಕ್ಕೆ ಇಟ್ಟ ಕೈಯೂ ಅದೇ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವನು ಇರಲಿಲ್ಲ.

ಅವಳು ಟಾಲಿವರ್‌ಗೆ ಹೋಗಿ ಶಾಲೆಯ ಬೆಂಚುಗಳ ಮೇಲೆ ನಕ್ಷೆ ಹರಡಿ ತೋರಿಸಿದಳು. ಯಾರೂ ಕೂಗಾಡಲಿಲ್ಲ. ಗಂಡಸರು ತಮ್ಮ ತಮ್ಮ ಹೊಲ ಹುಡುಕಿ ಬೆರಳಿಟ್ಟು ನೋಡಿ ಹಿಂದೆ ಸರಿದರು. ಅಲ್ಲಿಂದ ಬಂದವಳು ಸರ್ಕಾರದ ಇಂಜಿನಿಯರುಗಳನ್ನು ಎರಡು ತಿಂಗಳು ಬಿಡದೆ ಪ್ರಶ್ನೆ ಕೇಳಿದಳು. ಮೇಲಿನ ಹಳ್ಳಗಳಿಗೆ ನಾಲ್ಕು ಸಣ್ಣ ಒಡ್ಡು ಹಾಕಿದರೆ ಗ್ರೀರ್ಸ್‌ಬರ್ಗ್ ಉಳಿಯುವುದಿಲ್ಲವೇ ಎಂದಳು. ಉಳಿಯಬಹುದು, ಆದರೆ ಅದಕ್ಕೆ ಇನ್ನೂ ಹತ್ತು ವರ್ಷ ಬೇಕು ಎಂದು ಅವರಲ್ಲೊಬ್ಬ ಒಪ್ಪಿಕೊಂಡ. ಮಂಜೂರಾತಿಯ ದಿನ ಅವಳು ಸಭೆಯಲ್ಲಿ ಎದ್ದುನಿಂತು ನಾಲ್ಕು ನಿಮಿಷ ಮಾತಾಡಿದಳು. ತನ್ನ ಕ್ಷೇತ್ರಕ್ಕೆ ಬರುವ ಅಣೆಕಟ್ಟನ್ನು ಬೇಡವೆನ್ನುವ ಪ್ರತಿನಿಧಿಯನ್ನು ಆ ಸಭೆ ಹೆಚ್ಚು ಕಂಡಿರಲಿಲ್ಲ. ಆ ವರ್ಷದ ಮಟ್ಟಿಗೆ ಅಣೆಕಟ್ಟು ಪಟ್ಟಿಯಿಂದ ಬಿದ್ದುಹೋಯಿತು.

ಊರಿಗೆ ಬಂದಾಗ ರೈಲ್ವೆ ನಿಲ್ದಾಣದಲ್ಲಿ ಕಾಯುತ್ತಿದ್ದವನು ಜಡ್ಜ್ ಒಬ್ಬನೇ. ಮಗ ಬರೋತನಕ ಕುರ್ಚಿ ಬೆಚ್ಚಗಿಡು ಅಂದರೆ ಒಲೆಗೇ ಹಾಕಿದೆಯಲ್ಲ ಎಂದ. ಅವಳು ನಕ್ಕಳು, ಅವನು ನಗಲಿಲ್ಲ. ಮುಂದಿನ ಚುನಾವಣೆಗೂ ತಾನೇ ನಿಲ್ಲುವುದಾಗಿ ಅವಳು ಅಲ್ಲೇ, ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. ಸಣ್ಣ ಒಡ್ಡುಗಳ ಕೆಲಸ ಅರ್ಧಕ್ಕೆ ಬಿಟ್ಟರೆ ದೊಡ್ಡದು ತಿರುಗಿ ಬರುತ್ತದೆ ಎಂದಳು. ಲೋವೆಲ್‌ಗೆ ನೀನೇ ಹೇಳು ಎಂದ ಜಡ್ಜ್. ಅವಳು ಹೇಳಬೇಕೆಂದುಕೊಂಡೇ ಮೂರು ವಾರ ತಳ್ಳಿದಳು. ಅಷ್ಟರಲ್ಲಿ ನ್ಯಾಯಾಲಯದ ಗುಮಾಸ್ತ ಫೋನು ಮಾಡಿ, ತಗ್ಗಿದ ದನಿಯಲ್ಲಿ, ಲೋವೆಲ್ ಬೆಳಿಗ್ಗೆ ಬಂದು ನಾಮಪತ್ರ ಕೊಟ್ಟುಹೋದ ಎಂದು ತಿಳಿಸಿದ. ಪಕ್ಷದ ಅಭ್ಯರ್ಥಿ ಯಾರೆಂದು ಮೊದಲು ಪಕ್ಷದವರೇ ಮತ ಹಾಕಿ ಆರಿಸಬೇಕು; ಆ ಸೀಮೆಯಲ್ಲಿ ಅದನ್ನು ಗೆದ್ದವರು ಗೆದ್ದ ಹಾಗೆಯೇ. ನವೆಂಬರಿನ ಚುನಾವಣೆ ಬರೀ ಶಾಸ್ತ್ರ.

ಅಂದು ಸಂಜೆ ಲೋವೆಲ್ ಮನೆಗೆ ಬಂದ. ಅವಳು ಬಡಿಸಿದ ಜೋಳದ ರೊಟ್ಟಿ, ಬೇಯಿಸಿದ ಕಾಳು ತಿಂದ. ತಟ್ಟೆ ಸರಿಸಿದ ಮೇಲೆ ಮಾತು ತೆಗೆದ.

"ನೀನು ನನ್ನ ಮುಂದೇನೇ ಮಾತು ಕೊಟ್ಟಿದ್ದೆ ಅಮ್ಮ."

"ಕೊಟ್ಟಿದ್ದೆ. ಆಗ ನನಗೆ ನಕ್ಷೆ ಗೊತ್ತಿರ್ಲಿಲ್ಲ."

"ಅಪ್ಪನಿಗೆ ಗೊತ್ತಿತ್ತು. ಅಪ್ಪ ಆದ್ರೂ ಅಣೆಕಟ್ಟು ಬೇಕು ಅಂದ. ಅವನಿಗೇನು ಅವಳು ಮಗಳಲ್ವಾ?"

ಇವಾ ಡೀನಳಿಗೂ ಇದಕ್ಕೂ ಸಂಬಂಧವಿಲ್ಲ ಎಂದಳು ಝೆಲ್ಮಾ. ಲೋವೆಲ್ ಮೇಜಿನ ಬಟ್ಟೆಯ ಅಂಚು ಮಡಚಿದ. ಪ್ರತಿ ವರ್ಷ ಆ ಭಾನುವಾರ ತಾನು ಕಾರಿನಲ್ಲಿ ಕೂತು ಕಾಯುತ್ತಿದ್ದದ್ದನ್ನು ಹೇಳಿದ. ಆರು ವರ್ಷದವನಿದ್ದಾಗ, ಎಂಟರಲ್ಲಿ, ಹನ್ನೆರಡರಲ್ಲಿ. ಅವಳು ಮರಳಿ ಬಂದು ಕೂತ ಮೇಲೆ ಮನೆ ಮುಟ್ಟುವ ತನಕ ಅವನ ಕಡೆ ತಿರುಗಿ ನೋಡುತ್ತಿರಲಿಲ್ಲವಂತೆ.

"ನಾನು ಬದುಕಿದ್ದೆ ಅಮ್ಮ," ಎಂದ. "ಪಕ್ಕದಲ್ಲೇ ಇದ್ದೆ."

ಅವಳು ಎದ್ದು ತಟ್ಟೆ ತೊಳೆಯಲು ಹೋದಳು. ತಿರುಗಿ ಬರುವಷ್ಟರಲ್ಲಿ ಅವನು ಟೋಪಿ ಹಾಕಿಕೊಂಡು ಹೋಗಿದ್ದ.

ಮತದಾನಕ್ಕೆ ನಾಲ್ಕು ದಿನ ಮುಂಚೆ ನ್ಯಾಯಾಲಯದ ಹುಲ್ಲುಹಾಸಿನ ಮೇಲೆ ಇಬ್ಬರದೂ ಭಾಷಣ ಇಟ್ಟಿದ್ದರು. ತಾಯಿ ಮಗ ಬಡಿದಾಡುವುದನ್ನು ನೋಡಲು ಏಳು ಕೌಂಟಿಗಳಿಂದ ಜನ ಬಂದಿದ್ದರು. ಕುಸ್ತಿ ನೋಡಲು ಬಂದವರ ಹಾಗೆ ಕಡಲೆಕಾಯಿ ತಿನ್ನುತ್ತ ನಿಂತಿದ್ದರು. ಲೋವೆಲ್ ಮೊದಲು ಮಾತಾಡಿದ. ಕೊಚ್ಚಿಹೋದ ಒಂಬತ್ತು ಜನರ ಹೆಸರುಗಳನ್ನು ಚೀಟಿ ನೋಡದೆ ಹೇಳಿದ. ಅವರ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಆಮೇಲೆ ತಾಯಿಯ ಕಡೆ ನೋಡಿದ.

"ನನ್ನ ತಾಯಿ ಕೆಟ್ಟವಳಲ್ಲ," ಎಂದ. "ಆದ್ರೆ ಟಾಲಿವರ್‌ನಲ್ಲಿ ನನ್ನ ಅಕ್ಕನ ಗೋರಿ ಇದೆ. ನನ್ನ ತಾಯಿ ಈ ಕ್ಷೇತ್ರದ ಪರವಾಗಿ ಮತ ಹಾಕ್ಲಿಲ್ಲ. ಆ ಗೋರಿ ಪರವಾಗಿ ಹಾಕಿದ್ಲು."

ಕಡಲೆಕಾಯಿ ಸಿಪ್ಪೆಯ ಸದ್ದು ನಿಂತಿತು. ಮುದುಕನೊಬ್ಬ ಟೋಪಿ ತೆಗೆದ. ಮನೆಯ ಹೊರಗೆ ಆ ಮಗುವಿನ ಹೆಸರನ್ನು ಪ್ರೂಯಿಟ್‌ಗಳು ಎಂದೂ ಎತ್ತಿದವರಲ್ಲ. ಝೆಲ್ಮಾಳ ಸರದಿ ಬಂತು. ಅವಳ ಕೈಯಲ್ಲಿ ಆರು ಪುಟ ಇತ್ತು, ನಾಲ್ಕು ಒಡ್ಡುಗಳ ಲೆಕ್ಕ, ಇಂಜಿನಿಯರನ ಮಾತು, ಎಲ್ಲ. ಅವಳು ಧ್ವನಿವರ್ಧಕದ ಮುಂದೆ ನಿಂತಳು. ಇಲ್ಲ ಎನ್ನಬೇಕಿತ್ತು, ಅಷ್ಟೇ ಸಾಕಿತ್ತು. ಇಲ್ಲ ಎನ್ನಲು ಬಾಯಿ ತೆರೆದಾಗ, ಇಲ್ಲವೇ ಎಂದು ಒಳಗಿನಿಂದ ಯಾರೋ ಕೇಳಿದ ಹಾಗಾಯಿತು. ನಕ್ಷೆ ಬಿಡಿಸಿದ ದಿನ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಮನೆಗಳೋ, ಶಾಲೆಯೋ, ಆ ಚುಕ್ಕೆಯೋ? ಎಷ್ಟು ನೆನೆದರೂ ನೆನಪಾಗಲಿಲ್ಲ. ಮಗ ತನ್ನ ಮುಖವನ್ನೇ ನೋಡುತ್ತಿರುವುದು ಗೊತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಬಂದದ್ದಕ್ಕೆ ಎಲ್ಲರಿಗೂ ಉಪಕಾರವಾಯಿತು ಎಂದಷ್ಟೇ ಹೇಳಿ ಹೋಗಿ ಕೂತಳು.

ನಾನೂರ ಹದಿನಾಲ್ಕು ಮತಗಳಿಂದ ಸೋತಳು. ಟಾಲಿವರ್‌ನವರು ಒಂದು ಮತವನ್ನೂ ಲೋವೆಲ್‌ಗೆ ಹಾಕಿರಲಿಲ್ಲ. ಮರುದಿನ ಫಲಿತಾಂಶ ಖಾತ್ರಿಯಾದಾಗ ಇನ್ನೂ ಬೆಳಕಿತ್ತು. ಅವಳು ಅಡುಗೆಮನೆಯಿಂದ ಅವನಿಗೆ ಫೋನು ಮಾಡಿದಳು. "ಅಭಿನಂದನೆ, ಮಿಸ್ಟರ್ ಪ್ರೂಯಿಟ್. ನಿಮಗೆ ಒಳ್ಳೇದಾಗ್ಲಿ," ಎಂದಳು. ಆ ಕಡೆಯಿಂದ ಅವನು ಅಮ್ಮ ಎಂದ, ಮತ್ತೆ ಅಮ್ಮ ಎಂದ. ಅವಳು ಫೋನು ಇಟ್ಟಳು. ಅಂದಿನಿಂದ ಮಗನನ್ನು ಬಹುವಚನದಲ್ಲೇ ಮಾತಾಡಿಸಿದಳು. ಬೇಕೆಂದು ಚುಚ್ಚಲು ಹಾಗೆ ಮಾಡಿದಳೆಂದು ಕೆಲವರು ಅಂದುಕೊಂಡರು. ಅವಳೇ ವರ್ಡೀಗೆ ಹೇಳಿದ್ದು ಬೇರೆ: ಏಕವಚನಕ್ಕೆ ನಾಲಗೆ ಹೊರಳುತ್ತಿಲ್ಲ, ಎಷ್ಟು ಸಲ ಪ್ರಯತ್ನ ಮಾಡಿದೆ ಎಂದಳಂತೆ.

ಅಣೆಕಟ್ಟು ಮತ್ತೆ ಪಟ್ಟಿಗೆ ಬಂತು, ಮಂಜೂರಾಯಿತು. 1959ರ ಅಕ್ಟೋಬರಿನಲ್ಲಿ ಟಾಲಿವರ್‌ನ ಗೋರಿಗಳನ್ನು ಅಗೆದು ಗುಡ್ಡದ ಮೇಲಿನ ಹೊಸ ಸ್ಮಶಾನಕ್ಕೆ ಸಾಗಿಸಿದರು. ಮನೆಯವರು ಬಂದು ನಿಲ್ಲಬಹುದಿತ್ತು. ಝೆಲ್ಮಾ ಹೋದಳು. ಆಳುಗಳು ಮೊಳದುದ್ದದ ಹೊಸ ಪೆಟ್ಟಿಗೆ ಇಟ್ಟುಕೊಂಡಿದ್ದರು. ಅಷ್ಟು ಚಿಕ್ಕದೇಕೆ ಎಂದು ಅವಳು ಕೇಳಿದ್ದಕ್ಕೆ ಮೇಸ್ತ್ರಿ ನೆಲ ನೋಡಿದ. ಅಗೆಯುತ್ತಿದ್ದಾಗ ರಸ್ತೆಯಲ್ಲಿ ಕಾರು ನಿಂತ ಸದ್ದಾಯಿತು. ಲೋವೆಲ್ ಒಬ್ಬನೇ ಇಳಿದು ಹುಲ್ಲು ತುಳಿದುಕೊಂಡು ಬಂದು, ಅವಳಿಂದ ಮೂರು ಮಾರು ದೂರ ನಿಂತ. ಮೂವತ್ತೆರಡು ವರ್ಷಕ್ಕೆ ಮಣ್ಣೊಳಗೆ ಉಳಿದದ್ದು ಕಪ್ಪಗಾದ ಮಣ್ಣು ಮತ್ತು ಉಡುಪಿನ ಎರಡು ಗುಂಡಿಗಳು. ಅಷ್ಟನ್ನೂ ಸಲಿಕೆಯಲ್ಲಿ ಮೆಲ್ಲಗೆ ಎತ್ತಿ ಪೆಟ್ಟಿಗೆಗೆ ಹಾಕಿದರು.

ಲೋವೆಲ್ ಕೋಟು ಬಿಚ್ಚಿ ಒಬ್ಬ ಆಳಿನ ಕೈಗೆ ಕೊಟ್ಟು, ಪೆಟ್ಟಿಗೆಯನ್ನು ತಾನೇ ಎರಡೂ ಕೈಯಲ್ಲಿ ಎತ್ತಿಕೊಂಡು ಲಾರಿಯತ್ತ ನಡೆದ. ಝೆಲ್ಮಾ ಪಕ್ಕದಲ್ಲೇ ನಡೆದಳು.

"ಭಾರ ಇದೆಯಾ?" ಎಂದಳು.

"ಇಲ್ಲಮ್ಮ."

ಅವನು ಅಳುತ್ತಿದ್ದ. ಅವಳು ಅದನ್ನು ನೋಡಿದಳು. ಕೈ ಚಾಚಿ ಬೆನ್ನ ಮೇಲಿಡಬೇಕೆನ್ನಿಸಿತು. ಲಾರಿ ಮುಟ್ಟುವ ತನಕ ಅದನ್ನೇ ಯೋಚಿಸಿದಳು. ಲಾರಿ ಬಂತು.

ಆಮೇಲಿನ ವರ್ಷಗಳಲ್ಲಿ ಅವನು ನವೆಂಬರಿನ ಹಬ್ಬದೂಟಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ತಪ್ಪದೆ ಬರುತ್ತಿದ್ದ. ಅವಳು ಮೊಮ್ಮಕ್ಕಳಿಗೆ ಕತೆ ಹೇಳುವಳು, ಅವನಿಗೆ ಬಡಿಸುವಾಗ ಇನ್ನೊಂದು ಚೂರು ಹಾಕಲೇ ಎಂದು ಕೇಳುವಳು, ನಿಮಗೆ ಎಂದು ಸೇರಿಸಿ. 1963ರಲ್ಲಿ ಸೊರೆಲ್ ಉಕ್ಕಿ ಬಂದಾಗ ಗ್ರೀರ್ಸ್‌ಬರ್ಗಿನಲ್ಲಿ ಒಂದು ಬೀದಿಯೂ ಮುಳುಗಲಿಲ್ಲ. ಆ ವಾರ ಅವಳು ಅವನಿಗೆ ಕಾಗದ ಬರೆದು, ನೀವು ಹೇಳಿದ್ದು ಸರಿಯಿತ್ತು ಎಂದು ಒಪ್ಪಿಕೊಂಡಳು. ಅವನಿಂದ ಉತ್ತರ ಬರಲಿಲ್ಲ. ಏನು ಬರೆಯುವುದೆಂದು ತಿಳಿಯದೆ ಆ ಕಾಗದವನ್ನು ವರ್ಷಗಟ್ಟಲೆ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದನೆಂದು ಅವನ ಹೆಂಡತಿ ಹೇಳುತ್ತಿದ್ದಳು.

1968ರ ಅಕ್ಟೋಬರಿನಲ್ಲಿ ಝೆಲ್ಮಾ ಆಸ್ಪತ್ರೆ ಸೇರಿದಳು. ಲೋವೆಲ್ ಕೆಲಸ ಬಿಟ್ಟು ಬಂದು ಹಾಸಿಗೆಯ ಪಕ್ಕ ಕೂತ. ಎರಡನೆಯ ದಿನ, ಅವಳು ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡಾಗ, ಹನ್ನೆರಡು ವರ್ಷ ಕೇಳದ್ದನ್ನು ಕೇಳಿದ.

"ಅಕ್ಕ ಅಲ್ಲಿ ಇಲ್ದೇ ಹೋಗಿದ್ರೆ, ಆಗ್ಲೂ ನೀನು ಬೇಡ ಅಂತಿದ್ಯಾ ಅಮ್ಮ?"

ಅವಳು ಕಿಟಕಿಯ ಕಡೆ ತಲೆ ಹೊರಳಿಸಿ ಯೋಚಿಸಿದಳು. ಅವನಿಗೆ ಸುಳ್ಳು ಹೇಳಲು ಅವಳಿಗೆ ಮನಸ್ಸಿರಲಿಲ್ಲ.

"ಗೊತ್ತಿಲ್ಲ," ಎಂದಳು. "ನೀವು ಆವತ್ತು ಅಲ್ಲಿ ನಿಂತು ಹೇಳೋ ತನಕ ಗೊತ್ತಿತ್ತು."

ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು. ಬರೆದಿಟ್ಟಿದ್ದ ಪ್ರಕಾರ ಅವಳನ್ನು ಗ್ರೀರ್ಸ್‌ಬರ್ಗಿನಲ್ಲಿ ಹೋಬರ್ಟನ ಪಕ್ಕ ಇಡದೆ ಗುಡ್ಡದ ಮೇಲಿನ ಸ್ಮಶಾನಕ್ಕೆ ಒಯ್ದರು. ಕೆಳಗೆ ನೀರು ಕಾಣುತ್ತಿತ್ತು. ಲೋವೆಲ್ ಎಲ್ಲರೂ ಹೋದ ಮೇಲೂ ನಿಂತಿದ್ದ, ಹೆಂಡತಿ ಬಂದು ತೋಳು ಹಿಡಿಯುವ ತನಕ.

ಮೂರು ವಾರ ಕಳೆದು ಚುನಾವಣೆ ಬಂತು. ಅವನು ಏಳನೆಯ ಸಲ ಗೆದ್ದ. ಎದುರಿಗೆ ಯಾರೂ ನಿಂತಿರಲಿಲ್ಲ.