ಎರಡು ಗೇಣಿನ ಹಿಡಿ

ಮೂವತ್ತೊಂದು ವರ್ಷದಿಂದ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಮುದುಕನನ್ನು ಊರೆಲ್ಲ ಗಂಟೆಯಜ್ಜ ಎಂದೇ ಕರೆಯುತ್ತಿತ್ತು. ಕೀಲಿ ಎಂದರೆ ಬೆರಳಲ್ಲಿ ತಿರುಗಿಸುವಂಥದ್ದಲ್ಲ. ಒಂದು ಗೇಣುದ್ದದ ಕಬ್ಬಿಣದ ಹಿಡಿ. ಅದನ್ನು ತಿರುಗಿಸಿದಂತೆ ಉರುಳೆಗೆ ಹಗ್ಗ ಸುತ್ತಿಕೊಂಡು, ತುದಿಯಲ್ಲಿ ತೂಗುವ ಹತ್ತು ಕಬ್ಬಿಣದ ಬಿಲ್ಲೆಗಳು ಗೋಪುರದ ತಳದಿಂದ ಮೇಲೇರುತ್ತಿದ್ದವು. ಆಮೇಲೆ ವಾರವಿಡೀ ಆ ಭಾರ ಕಂಡೂ ಕಾಣದಂತೆ ಇಳಿಯುತ್ತ ಗಡಿಯಾರವನ್ನು ನಡೆಸುತ್ತಿತ್ತು. ಹಿಡಿ ಮುಟ್ಟುವ ಮೊದಲು ಅಜ್ಜ ಪ್ರತಿಸಲವೂ ಕೈಮುಗಿಯುತ್ತಿದ್ದ.

ಈ ವರ್ಷ ಅವನ ಬಲಭುಜ ಮಾತು ಕೇಳುವುದನ್ನು ಬಿಟ್ಟಿತು. ಯಾರಿಗೂ ಹೇಳದೆ ನಾಲ್ಕು ಬಿಲ್ಲೆ ಕಳಚಿಟ್ಟ. ಹಿಡಿ ಹಗುರವಾಯಿತು, ಆದರೆ ಗಡಿಯಾರ ಮರುದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ ನಿಂತುಬಿಟ್ಟಿತು. ಪುರಸಭೆ ಕಚೇರಿಯ ಎಂಜಿನಿಯರು ಹೇಳಿಕಳಿಸಿದರು: ಗುರುವಾರ ತಾವೇ ಬರುತ್ತಾರೆ, ಅಜ್ಜ ಅವರೆದುರು ಪೂರ್ತಿ ಕೀಲಿ ಕೊಟ್ಟು ಹನ್ನೆರಡು ಹೊಡೆಸಬೇಕು. ಆಗದಿದ್ದರೆ ವಿದ್ಯುತ್ ಗಡಿಯಾರ ಬರುತ್ತದೆ, ಅಜ್ಜ ಮನೆಗೆ ಹೋಗಬೇಕಾಗುತ್ತದೆ.

ಶಾಲೆಯಲ್ಲಿ ವಿಜ್ಞಾನ ಕಲಿಸುವ ಸೊಸೆ ಅಂದು ಬುತ್ತಿ ಹಿಡಿದು ಮೆಟ್ಟಿಲೇರಿ ಬಂದವಳು ಬಾಗಿಲ ಹಿಂದೆ ಬಿಲ್ಲೆಗಳನ್ನು ಕಂಡಳು.

"ಇವು ಯಾಕೆ ಇಲ್ಲಿ ಕೂತಿವೆ ಮಾವ?"

"ದಣಿದಿದ್ವು."

"ಅವು ದಣಿದ್ವೋ, ನೀವೋ?"

ಅಜ್ಜ ಭುಜ ನೀವಿಕೊಂಡ. "ನಿನ್ನ ಪುಸ್ತಕದಲ್ಲಿ ಏನಾದ್ರೂ ಉಪಾಯ ಇದ್ರೆ ಹೇಳು ತಾಯಿ. ಕೆಲಸ ಕಡಿಮೆ ಆಗೋ ಅಂಥದ್ದು."

"ಅಂಥದ್ದಿಲ್ಲ ಮಾವ. ನೀವು ಎತ್ತಿ ತುಂಬಿದ್ದನ್ನೇ ಆ ಭಾರ ಇಳೀತಾ ಗಡಿಯಾರಕ್ಕೆ ಕೊಡುತ್ತೆ. ತುಂಬೋದು ಕಡಿಮೆ ಮಾಡಿದ್ರಿ, ಅದು ನಿಂತಿತು. ಏನೇ ಮಾಡಿದ್ರೂ ಕೆಲಸ ಎಲ್ಲೂ ಹೋಗಲ್ಲ."

ಅಜ್ಜನ ಮುಖ ಅರಳಿತು. "ಹೋಗಲ್ವಾ? ಎಂಜಿನಿಯರು ಹಾಗಂದ್ರಾ?"

ಅವಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು. "ನಿಮ್ಮ ಕೆಲಸ ಅಲ್ಲ ಮಾವ. ವಿಜ್ಞಾನದ ಪಾಠದಲ್ಲಿ ಬರೋ ಕೆಲಸ…" ಎನ್ನುವಷ್ಟರಲ್ಲಿ ಆ ಮುಖ ಬತ್ತಿ ತಗ್ಗಿಸಿದ ದೀಪದಂತೆ ಸಣ್ಣಗಾಯಿತು. ತಾನೇ ಕೈಗಿಟ್ಟದ್ದನ್ನು ತಾನೇ ಕಿತ್ತುಕೊಂಡಂತಾಗಿ ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಅಜ್ಜನೇ ಕೇಳಿದ, "ಮೂವತ್ತೊಂದು ವರ್ಷ ಎತ್ತಿದ್ನಲ್ಲ, ಅದೆಲ್ಲ ಎಲ್ಲಿ ಹೋಯ್ತು ಹಾಗಾದ್ರೆ?"

"ಚಕ್ರದ ಹಲ್ಲುಗಳ ಉಜ್ಜಾಟದಲ್ಲಿ ಶಾಖವಾಯ್ತು. ಗಂಟೆಯ ಸದ್ದಾಗಿ ಗಾಳಿಗೆ ಸೇರಿತು, ಈ ಗೋಡೆಗೂ ಸೇರಿತು. ಹುಡುಕಿ ತರೋಕಾಗಲ್ಲ. ಆದ್ರೆ ಒಂದು ಚೂರೂ ಇಲ್ಲವಾಗಿಲ್ಲ."

ಮಗುವಿನ ಹಣೆ ಮುಟ್ಟಿ ನೋಡುವಂತೆ ಅಜ್ಜ ಗೋಡೆಗೆ ಅಂಗೈ ಇಟ್ಟ. "ದೇವರ ಲೆಕ್ಕದಲ್ಲಿ ಎಲ್ಲಾದ್ರೂ ಇರುತ್ತೆ ಅಂದ್ಕೊಂಡಿದ್ದೆ. ನೀನೂ ಅದನ್ನೇ ಹೇಳ್ತೀಯ."

ಅವನ ಇನ್ನೊಂದು ಕೈ ಹಿಡಿಯ ಮೇಲೇ ಇತ್ತು. ಸೊಸೆ ಅದನ್ನೇ ನೋಡುತ್ತಿದ್ದವಳು ಎದ್ದಳು.

"ಮಾವ, ಇದು ಇಷ್ಟು ಗಿಡ್ಡ ಯಾಕಿದೆ?"

"ಹುಟ್ಟಿದಾಗಿಂದ ಹಾಗೇ."

ಉರುಳೆಯ ನಡುವಿನಿಂದ ಗೋಡೆಯವರೆಗೆ ಅವಳು ಗೇಣು ಹಾಕಿದಳು. ಎರಡು ಗೇಣು, ಮೇಲೆ ಮೂರು ಬೆರಳಷ್ಟು ಜಾಗವಿತ್ತು. "ಕೆಲಸ ಅಷ್ಟೇ ಇರಲಿ. ಹಿಡಿ ಎರಡು ಗೇಣಾದ್ರೆ ಕೈ ಎರಡರಷ್ಟು ದಾರಿ ಸುತ್ತುತ್ತೆ, ಬಲ ಮಾತ್ರ ಅರ್ಧ ಸಾಕು."

"ಸುತ್ತೋಕೆ ನಂದೇನು ತಕರಾರಿಲ್ಲ," ಎಂದ ಅಜ್ಜ.

ಕಮ್ಮಾರ ಹೊಸ ಹಿಡಿ ಬಡಿಯುತ್ತ ನಕ್ಕ. "ಇಷ್ಟು ವರ್ಷ ಆ ಗಿಡ್ಡನ ಜೊತೆ ಗುದ್ದಾಡಿದ್ಯಾ? ನಾಲ್ಕು ಹೆಜ್ಜೆ ಆಚೆಗೆ ನಾನಿದ್ದೆನಲ್ಲ ಮಾರಾಯ."

ಗುರುವಾರ ಹತ್ತೂ ಬಿಲ್ಲೆ ಮತ್ತೆ ತೂಗಿದವು. ಅಜ್ಜ ಕೈಮುಗಿದು, ಎಡಗೈಯನ್ನೂ ಜೊತೆಗಿಟ್ಟು, ದೊಡ್ಡ ದೊಡ್ಡ ಸುತ್ತು ಹಾಕತೊಡಗಿದ. ನಡುವೆ ಮೂರು ಸಲ ನಿಂತ. ಎಂಜಿನಿಯರು ಕೈಗಡಿಯಾರ ನೋಡಿಕೊಂಡರು. ಭಾರ ಮೇಲಿನ ತೊಲೆಯವರೆಗೆ ಬಂತು. ಅಜ್ಜ ಮುಳ್ಳು ಸರಿಪಡಿಸಿ, ಲೋಲಕವನ್ನು ಮೆಲ್ಲಗೆ ತೂಗಿಬಿಟ್ಟ.

ಶಾಲೆಯಲ್ಲಿ ಸೊಸೆಯ ಕೈಯ ಸೀಮೆಸುಣ್ಣ ಹನ್ನೆರಡನೆಯ ಹೊಡೆತ ಮುಗಿಯುವವರೆಗೆ ಹಲಗೆ ಮುಟ್ಟಲಿಲ್ಲ.

"ಏನಂದ್ರು ಮಾವ?" ಸಂಜೆ ಕೇಳಿದಳು.

"ಮುಂದುವರಿಸಿ ಅಂದ್ರು. ಕೆಲಸ ಎಲ್ಲೂ ಹೋಗಲ್ಲ ಅಂತ ನಾನೂ ಅವರಿಗೊಂದು ಪಾಠ ಮಾಡಿದೆ."

"ಯಾವ ಕೆಲಸ?"

"ಎರಡೂ," ಎಂದ ಅಜ್ಜ, ನೋಯುವ ಭುಜವನ್ನು ಎಣ್ಣೆ ಹಚ್ಚಲೆಂದು ಅವಳತ್ತ ತಿರುಗಿಸುತ್ತ.